ಬಸ್ ಸ್ಟಾಪಿನಲ್ಲಿ ಕೂತ ಹೆಂಗಸು

ಮೋರ್ಲಿ, ಪರ್ತ್
12 ಏಪ್ರಿಲ್ 2014, ಶನಿವಾರ

ಚಿ. ಪ್ರಣತಿಗೆ ಅಮ್ಮನ ಆಶೀರ್ವಾದಗಳು.

ಇವತ್ತು ಶನಿವಾರದ ಒಪ್ಪತ್ತು. ಐದೂವರೆಗೆ ಎದ್ದು ಬಾಗಿಲು ತೊಳೆದು ರಂಗೋಲಿ ಎಳೆದೆ. ದೇವರ ಪಾತ್ರೆ ಬೆಳಗಿದೆ, ತುಳಸಿಗೆ ನೀರು ಹಾಕಿದೆ, ನಿಮ್ಮಪ್ಪನ ವಾರದ ಅಂಗಿಗಳಿಗೆಲ್ಲ ಇಸ್ತ್ರಿ ಮಾಡಿದೆ. ಎಲ್ಲ ಮುಗಿಸಿದರೂ ಇನ್ನೂ ಎಂಟು ಗಂಟೆ. ಕೂರೋಣ ಅಂದರೆ ಕೂರಲು ಆಗುತ್ತಿಲ್ಲ. ಒರೆಸಿದ ಅಡುಗೆ ಕಟ್ಟೆಯನ್ನೇ ಮೂರು ಸಲ ಒರೆಸಿ, ಕೊನೆಗೆ ಈ ಕಾಗದ ಹಿಡಿದೆ.

ನೀನು ಓದಲು ಬ್ರಿಸ್ಬೇನಿಗೆ ಹೊರಟಾಗ ತಿಂಗಳಿಗೊಂದು ಕಾಗದವನ್ನು ಕನ್ನಡದಲ್ಲೇ ಬರೆಯಬೇಕು ಅಂತ ನಿನ್ನಿಂದ ಮಾತು ತೆಗೆದುಕೊಂಡಿದ್ದೆ, ಅಕ್ಷರ ಮರೆಯದಿರಲಿ ಅಂತ. ಈಗ ಆ ಕಾಗದ ನನಗೇ ಬೇಕಾಗಿ ಬಂದಿದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ಹೇಳಬೇಕಾದದ್ದು ಅವರ ವಿಷಯವೇ.

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬೇರೆ ದೇಶದ ಸಿನಿಮಾ ಹಾಕುತ್ತಾರಲ್ಲ, ಕೆಳಗೆ ಇಂಗ್ಲಿಷಿನಲ್ಲಿ ಸಣ್ಣ ಸಾಲು ಬರುತ್ತದೆ. ಆ ಸಾಲನ್ನು ನಿಮ್ಮಪ್ಪ ನನಗೆ ಕನ್ನಡದಲ್ಲಿ ಹೇಳುವುದು, ನಾನು ಅವರೆಕಾಳು ಬಿಡಿಸುತ್ತಾ ಕೇಳುವುದು, ನೀನು ಇಲ್ಲಿದ್ದಾಗಿನಿಂದ ನಡೆದು ಬಂದದ್ದೇ. ಮಾರ್ಚ್ ತಿಂಗಳಲ್ಲಿ ಜೆಕ್ ದೇಶದ ಒಂದು ನಗೆಯ ಸಿನಿಮಾ ಬಂತು. ಪ್ರಾಗ್ ಅನ್ನುವ ದೊಡ್ಡ ಊರಿನ ಗಂಡ ಹೆಂಡತಿ. ಗಂಡನ ಎದೆ ಸರಿಯಿಲ್ಲ, ಹಳ್ಳಿಗೆ ಹೋಗು ಅಂತ ಡಾಕ್ಟರು ಹೇಳಿದರಂತೆ. ಮನೆ ಮಾರಿ ಹೊರಟೇಬಿಡುತ್ತಾರೆ. ಅಲ್ಲಿ ಮಾಡು ಸೋರುತ್ತದೆ, ಮೇಕೆ ಬಂದು ಕಿಟಕಿಯ ಪರದೆ ತಿನ್ನುತ್ತದೆ. ಒಬ್ಬ ಮುದುಕ ಹೊತ್ತು ಗೊತ್ತಿಲ್ಲದೆ ಇವರ ಅಡುಗೆಮನೆಗೆ ನುಗ್ಗಿ ಊಟಕ್ಕೆ ಕೂರುತ್ತಾನೆ. ಅವನು ಹೆಂಡತಿಯ ಸೋದರಮಾವ ಅಂದರು ನಿಮ್ಮಪ್ಪ. ನಕ್ಕದ್ದೂ ನಕ್ಕದ್ದೇ.

ಕೊನೆಯಲ್ಲಿ ಆ ಹೆಂಗಸು ಹಳದಿ ಸೂಟ್‌ಕೇಸ್ ಪಕ್ಕದಲ್ಲಿಟ್ಟುಕೊಂಡು ಬಸ್ ಸ್ಟಾಪಿನಲ್ಲಿ ಕೂತಿರುತ್ತಾಳೆ. ಗಂಡ ಬಂದು ಪಕ್ಕದಲ್ಲಿ ಕೂರುತ್ತಾನೆ. ಅವಳು ಏನೋ ಹೇಳುತ್ತಾಳೆ. ಏನಂದಳು ಅಂತ ಕೇಳಿದೆ. "ನಾವು ಇಷ್ಟು ವರ್ಷ ಯಾಕೆ ಇಲ್ಲಿಗೆ ಬರಲಿಲ್ಲ ಅಂತಿದಾಳೆ" ಅಂದರು.

ನನಗೆ ಸರಿ ಕಾಣಲಿಲ್ಲ. ಹಾಗೆ ಹೇಳುವವಳು ಸೂಟ್‌ಕೇಸ್ ಯಾಕೆ ಹಿಡಿದು ಬಂದಳು? ಅವಳ ಮುಖವೂ ಆ ಮಾತಿಗೆ ಹೊಂದುವ ಮುಖವಲ್ಲ.

ಅವತ್ತಿನಿಂದ ನಿಮ್ಮಪ್ಪನನ್ನು ಹಳ್ಳಿ ಹಿಡಿದುಕೊಂಡಿದೆ. ಹನ್ನೊಂದನೆಯ ಮಹಡಿಯಲ್ಲಿ ಕೂತು ಗಣಿಯ ನಕ್ಷೆ ಬರೆದದ್ದು ಸಾಕಂತೆ. ಆಫೀಸಿನವರೊಬ್ಬರ ಬಂಧು ಅಡಿಲೇಡಿನ ಗುಡ್ಡಗಳಲ್ಲಿ ಹದಿನಾಲ್ಕು ಮೇಕೆ ಸಾಕಿಕೊಂಡಿದ್ದಾನೆ. ಚಳಿಗಾಲಕ್ಕೆ ಮಕ್ಕಳನ್ನು ನೋಡಲು ಹೋಗುತ್ತಾನೆ, ಮೂರು ತಿಂಗಳು ನೋಡಿಕೊಳ್ಳುವವರು ಬೇಕು. ಹತ್ತು ವರ್ಷ ದುಡಿದವರಿಗೆ ಕೊಡುವ ಉದ್ದ ರಜೆ ಇವರಿಗೆ ಬಂದಿದೆ. ಹೋಗಿ ನೋಡುವುದು, ಹಿಡಿಸಿದರೆ ಜಾಗ ಕೊಂಡುಕೊಳ್ಳುವುದು, ಅದಕ್ಕೆ ಈ ಮನೆ ಮಾರುವುದು. ಏಜೆಂಟನ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಮನೆ ಇಬ್ಬರ ಹೆಸರಿನಲ್ಲಿದೆಯಲ್ಲ, ಎರಡು ರುಜು ಬೇಕು. ಅವರದು ಆಗಿದೆ. ಹಾಲು ತೆಗೆಯಲು ಹೋದಾಗಲೆಲ್ಲ ನನ್ನ ಖಾಲಿ ಗೆರೆ ಕಣ್ಣಿಗೆ ಬೀಳುತ್ತದೆ.

ನಿನ್ನ ಕಾಲೇಜಿನ ಲೈಬ್ರರಿಯಲ್ಲಿ ಆ ಸಿನಿಮಾ ಸಿಗುತ್ತದೆಯೇ ನೋಡು. ಹೆಸರನ್ನು ಟಿವಿ ಪುಸ್ತಕ ನೋಡಿ ಚೀಟಿಯಲ್ಲಿ ಬರೆದು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಕೊನೆಯಲ್ಲಿ ಆ ಹೆಂಗಸು ನಿಜವಾಗಿ ಏನು ಹೇಳಿದಳು ಅಂತ ತಿಳಿಯದೆ ನನಗೆ ಆ ಕಾಗದದ ಕಡೆ ನೋಡಲು ಆಗುತ್ತಿಲ್ಲ. ನಗಬೇಡ.

ಇಂತಿ,
ಅಮ್ಮ


ಟೂವಾಂಗ್, ಬ್ರಿಸ್ಬೇನ್
27 ಏಪ್ರಿಲ್ 2014

ಪ್ರೀತಿಯ ಅಮ್ಮಾ,

ನನ್ನ ಒತ್ತಕ್ಷರ ಎಲ್ಲಾ ಕೆಟ್ಟೋಗಿದೆ, ಬೈಬೇಡ. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಪೂರ್ತಿ ಕೆಫೆ ಕೆಲಸ. ಬಸ್ಸಲ್ಲಿ ಕೂತು ಬರೀತಿದೀನಿ.

ಸಿನಿಮಾ ಲೈಬ್ರರೀಲಿ ಇದೆ, ಆದ್ರೆ ಯಾರೋ ಲೆಕ್ಚರರ್ ತಗೊಂಡು ಹೋಗಿದಾರೆ. ಹೆಸರು ಬರೆಸಿ ಬಂದಿದೀನಿ. ಒಂದು ಸಿನಿಮಾ ಕೊನೇಲಿ ಯಾರೋ ಏನೋ ಹೇಳಿದ್ದು ನಿನಗೆ ಯಾಕಮ್ಮಾ ಅಷ್ಟು ಮುಖ್ಯ? ನನ್ನ ಜೊತೆ ಮನೇಲಿರೋ ಕವನಾಗೆ ಹೇಳ್ದೆ. ಹಾಸನದವಳು, ಬಾಯಿ ಜಾಸ್ತಿ. "ಐವತ್ತೈದಕ್ಕೆ ಬೇರೆ ಅಂಕಲ್‌ಗಳೆಲ್ಲ ಕೆಂಪು ಕಾರು ತಗೋತಾರೆ, ನಿಮ್ಮಪ್ಪ ಮೇಕೆ ತಗೋತಿದಾರೆ, ಪುಣ್ಯ ಅಂದ್ಕೋ" ಅಂದಳು.

ಒಂದು ವಿಷಯ ಹೇಳ್ಬೇಕು. ಅಪ್ಪ ನನಗೆ ಮಾರ್ಚಲ್ಲೇ ಫೋನ್ ಮಾಡಿ ಕೇಳಿದ್ರು, ಹೋಗೋದು ಸರೀನಾ ಅಂತ. ನಾನು ಸೂಪರ್ ಅಂದೆ. ಅಮ್ಮ ಹಳ್ಳೀಲಿ ಬೆಳೆದವಳು, ಅವಳಿಗೇ ಎಲ್ಲಾರಿಗಿಂತ ಖುಷಿ ಆಗುತ್ತೆ ಅಂದೆ. ನೀನು ಯಾವಾಗ್ಲೂ ಬಾವಿ, ಹುಣಿಸೆಮರ, ಎಮ್ಮೆ ಮೇಲೆ ಕೂತು ಕೆರೆಗೆ ಹೋಗಿದ್ದು ಎಲ್ಲಾ ಹೇಳ್ತಿದ್ದೆ ಅಲ್ವಾ. ಅಪ್ಪ ಫೋನಲ್ಲಿ ಎಷ್ಟು ದಿನದ ಮೇಲೆ ಖುಷಿಯಾಗಿ ಮಾತಾಡಿದ್ರು ಗೊತ್ತಾ.

ನಾನು ತಪ್ಪು ಹೇಳಿದ್ನಾ?

ನಿನ್ನ,
ಪ್ರಣತಿ


ಮೋರ್ಲಿ, ಪರ್ತ್
7 ಜೂನ್ 2014, ಶನಿವಾರ

ಚಿ. ಪ್ರಣತಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಐದು ವಾರ ದಾಟಿತು. ಕೋಪದಿಂದ ಸುಮ್ಮನಿರಲಿಲ್ಲ. ಬರೆಯಲು ಕೂತರೆ ಏನೋ ಒಂದು ಕೆಲಸ ನೆನಪಾಗುತ್ತಿತ್ತು. ಬೀರು ಎರಡು ಸಲ ಖಾಲಿ ಮಾಡಿ ಎರಡು ಸಲ ಜೋಡಿಸಿದೆ. ಒಂದು ದಿನ ಬಸ್ ಸ್ಟಾಪಿನ ತನಕ ಹೋಗಿ, ಬಸ್ಸು ಬಂದು ನಿಂತರೂ ಹತ್ತದೆ, ಡ್ರೈವರಿಗೆ ಸಾರಿ ಹೇಳಿ ವಾಪಸು ಬಂದೆ.

ನಿಮ್ಮಪ್ಪ ಆಫೀಸಿನವರನ್ನು ಕೇಳಿದ್ದಾರೆ, ಏಜೆಂಟನನ್ನು ಕೇಳಿದ್ದಾರೆ, ನಿನ್ನನ್ನೂ ಕೇಳಿದ್ದಾರೆ. ಒಳ್ಳೆಯದೇ ಆಯಿತು.

ನಿಮ್ಮಪ್ಪ ಸೋಮವಾರ ಹೊರಟರು. ಸಿನಿಮಾದವನು ಹಾಕಿಕೊಂಡಂಥದ್ದೇ ಹಸಿರು ರಬ್ಬರ್ ಬೂಟು ಮೋರ್ಲಿಯ ಅಂಗಡಿಯಲ್ಲೆಲ್ಲ ಹುಡುಕಿ ತಂದಿದ್ದರು. ಬಾಗಿಲಲ್ಲಿ ನಿಂತು, "ಮೂರು ತಿಂಗಳು ನೋಡ್ತೀನಿ, ಆಮೇಲೆ ಬಂದು ಕರ್ಕೊಂಡ್ಹೋಗ್ತೀನಿ" ಅಂದರು. ಸಾಮಾನಿನ ಜೊತೆ ನನ್ನನ್ನೂ ಲೆಕ್ಕಕ್ಕೆ ಸೇರಿಸಿದ ಹಾಗಿತ್ತು. ನಾನು ಮೊಸರನ್ನದ ಡಬ್ಬಿ ಕೈಗೆ ಕೊಟ್ಟೆ.

ನೀನು ಹೇಳಿದ್ದು ತಪ್ಪಲ್ಲ ಮಗಳೇ. ನಾನು ನಿನಗೆ ಹೇಳಿದ್ದು ಅರ್ಧ. ಬಾವಿ, ಹುಣಿಸೆಮರ ಎಲ್ಲ ನಿಜ. ಉಳಿದದ್ದು ಇಷ್ಟು. ಏಳನೆಯ ತರಗತಿಯಲ್ಲಿ ನಾನು ಶಾಲೆಗೇ ಮೊದಲು ಬಂದೆ. ಆ ವರ್ಷವೇ ನಿನ್ನ ಸೋದರಮಾವ ಹುಟ್ಟಿ, ನಮ್ಮಮ್ಮ ಹಾಸಿಗೆ ಹಿಡಿದಳು. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಹಸು, ಮೇಕೆಗಳು. ಹೆಡ್‌ಮಾಸ್ಟರ್ ಶಂಕರಪ್ಪನವರು ಮನೆಗೆ ಬಂದು ಜಗಲಿಯ ಮೇಲೆ ಕೂತು, ಹುಡುಗಿಯನ್ನು ಪೇಟೆಯ ಹೈಸ್ಕೂಲಿಗೆ ಹಾಕಿ, ಫೀಸು ನಾನು ನೋಡಿಕೊಳ್ಳುತ್ತೇನೆ ಅಂದರು. ನಮ್ಮಪ್ಪ, "ಎಮ್ಮೆ ಯಾರು ಕರೀತಾರೆ ಮೇಷ್ಟ್ರೇ" ಅಂತ ಕೇಳಿದ. ಮೇಷ್ಟರು ಕಾಫಿ ಕುಡಿದು ಎದ್ದು ಹೋದರು. ಕಾಫಿ ಮಾಡಿಕೊಟ್ಟವಳು ನಾನೇ. ಖಾಲಿ ಲೋಟಕ್ಕಾಗಿ ಬಾಗಿಲ ಹಿಂದೆ ನಿಂತಿದ್ದೆ. ಇಬ್ಬರಲ್ಲಿ ಒಬ್ಬರೂ ಆ ಕಡೆ ತಿರುಗಿ ನೋಡಲಿಲ್ಲ.

ಎಮ್ಮೆಗಳ ಮೇಲೆ ನನಗೆ ಯಾವತ್ತೂ ಕೋಪ ಬರಲಿಲ್ಲ. ಅವಕ್ಕೇನು ಗೊತ್ತು. ಹಳ್ಳಿಯ ಮೇಲೂ ಇಲ್ಲ.

ಈಗ ಮಂಗಳವಾರ, ಗುರುವಾರ ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇನಲ್ಲ, ಅಲ್ಲಿ ಕಿಟಕಿಯ ಪಕ್ಕ ಒಂದು ಮೇಜಿದೆ. ನಾನು ಹೋಗುವ ಹೊತ್ತಿಗೆ ಆ ಜಾಗವನ್ನು ಯಾರೂ ಹಿಡಿದಿರುವುದಿಲ್ಲ, ಇಂದಿರಾಳ ಜಾಗ ಅಂತ ಬಿಟ್ಟಿರುತ್ತಾರೆ. ಒಬ್ಬಳೇ ಬಸ್ ಹತ್ತುತ್ತೇನೆ, ಒಬ್ಬಳೇ ಇಳಿಯುತ್ತೇನೆ. ನಿಮ್ಮಪ್ಪನನ್ನು ಅಲ್ಲಿ ಬಸ್ ಇದೆಯೇ ಅಂತ ಕೇಳಿದ್ದಕ್ಕೆ, "ಬಸ್ ಯಾಕೆ, ಎಲ್ಲಿಗೆ ಹೋಗ್ಬೇಕು ನಿನಗೆ?" ಅಂದರು.

ಸಿನಿಮಾ ಸಿಕ್ಕಿತೇ?

ಇಂತಿ,
ಅಮ್ಮ


ಅಡಿಲೇಡ್ ಗುಡ್ಡಗಳಿಂದ
22 ಜೂನ್ 2014

ಇಂದಿರಾ,

ನಾನು ಕ್ಷೇಮ. ಇಲ್ಲಿ ಮೊಬೈಲ್ ಸಿಗುವುದಿಲ್ಲ, ಕಣಿವೆಯೊಳಗೆ ಮನೆ. ಅರ್ಜೆಂಟ್ ಇದ್ದರೆ ಬೇಲಿಯಾಚೆಯ ಮುದುಕಿಯ ಮನೆಯಲ್ಲಿ ಫೋನ್ ಇದೆ. ಅದಕ್ಕೇ ಕಾಗದ. ಎಷ್ಟು ವರ್ಷವಾಯಿತು ನಿನಗೆ ಕಾಗದ ಬರೆದು, ಮದುವೆಗೆ ಮುಂಚೆ ಬರೆದದ್ದೇ ಕೊನೆ.

ಎಲ್ಲ ಸಿನಿಮಾದಲ್ಲಿ ಇದ್ದ ಹಾಗೇ ಇದೆ. ಮಾಡು ಎರಡು ಕಡೆ ಸೋರುತ್ತದೆ. ಮೇಕೆ ಪರದೆ ತಿನ್ನಲಿಲ್ಲ, ನನ್ನ ಟೋಪಿ ತಿಂದಿತು. ಆಫೀಸಿನ ಕಿಟಕಿ ತೆರೆಯಲು ಬರುತ್ತಿರಲಿಲ್ಲ, ಇಲ್ಲಿಯದು ಮುಚ್ಚಲು ಬರುವುದಿಲ್ಲ. ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಬಿಳಿಯಾಗಿ ಕೂತಿರುತ್ತದೆ. ನಾನು ಬೂಟು ಹಾಕಿಕೊಂಡು ಅದರ ಮೇಲೆ ಸುಮ್ಮನೆ ನಡೆಯುತ್ತೇನೆ, ಸದ್ದು ಕೇಳಲು.

ಒಂದೇ ತೊಂದರೆ. ಹದಿನಾಲ್ಕು ಮೇಕೆ ಅಂತ ಗೊತ್ತಿತ್ತು, ಹದಿನಾಲ್ಕೂ ಗಬ್ಬವಾಗಿವೆ ಅಂತ ಗೊತ್ತಿರಲಿಲ್ಲ. ಒಪ್ಪಂದದಲ್ಲಿ ಬರೆದಿತ್ತಂತೆ, ಸಣ್ಣ ಅಕ್ಷರದಲ್ಲಿ. ಜುಲೈ ಕೊನೆಗೆ ಈಯಲು ಶುರು ಅಂತ ಮುದುಕಿ ಹೇಳಿದಳು. ನೋಡೋಣ, ಪ್ರಕೃತಿ ನೋಡಿಕೊಳ್ಳುತ್ತದೆ.

ನಿನಗೆ ಹೇಳಿರಲಿಲ್ಲ, ಫೆಬ್ರವರಿಯಲ್ಲಿ ನನ್ನ ಪಕ್ಕದ ಮೇಜಿನ ದಿನೇಶನನ್ನು ಅರ್ಧ ಗಂಟೆಯಲ್ಲಿ ಮನೆಗೆ ಕಳಿಸಿದರು. ಕೈಗೊಂದು ರಟ್ಟಿನ ಡಬ್ಬಿ ಕೊಟ್ಟರು. ಒಂದು ಕಪ್ಪು, ಒಂದು ಕ್ಯಾಲೆಂಡರು, ಮಗಳ ಫೋಟೋ, ಅಷ್ಟೇ ಇದ್ದದ್ದು ಅದರಲ್ಲಿ. ನನ್ನ ಡಬ್ಬಿಯಲ್ಲಿ ಏನು ಇರುತ್ತದೆ ಅಂತ ಅವತ್ತೆಲ್ಲ ಯೋಚಿಸುತ್ತಾ ಕೂತಿದ್ದೆ.

ರುಜು ಹಾಕಿ ಕಾಗದ ಕಳಿಸಿಬಿಡು. ಏಜೆಂಟ್ ಕಾಯುತ್ತಿದ್ದಾನೆ.

ಸತೀಶ


ಟೂವಾಂಗ್, ಬ್ರಿಸ್ಬೇನ್
16 ಜುಲೈ 2014

ಪ್ರೀತಿಯ ಅಮ್ಮಾ,

ಸಿನಿಮಾ ಸಿಕ್ತು. ನಾನೂ ಕವನಾನೂ ನಿನ್ನೆ ಸಾಯಂಕಾಲ ಕೂತು ನೋಡಿದ್ವಿ. ಅಮ್ಮಾ, ಅಪ್ಪ ನಿನಗೆ ಹೇಳಿದ್ದು ಬೇರೆ ಕತೆ.

ಅವನ ಎದೆಗೆ ಏನೂ ಆಗಿಲ್ಲ. ಡಾಕ್ಟರೇ ಇಲ್ಲ ಸಿನಿಮಾದಲ್ಲಿ. ಬಿಳಿ ಕೋಟು ಹಾಕಿರೋನು ಅವನ ಫ್ಯಾಕ್ಟರಿ ಬಾಸು. ಕೆಲಸ ಹೋಗಿರುತ್ತೆ, ಹೆಂಡತಿಗೆ ಹೇಳೋಕೆ ನಾಚಿಕೆ, ಅದಕ್ಕೇ ಹಳ್ಳಿ ಹಳ್ಳಿ ಅಂತಿರ್ತಾನೆ. ಆ ಮುದುಕ ಸೋದರಮಾವ ಅಲ್ಲ, ಆ ಮನೆಯ ಹಳೇ ಯಜಮಾನ. ಮನೆ ಮಾರಿದಾನೆ, ಬಿಟ್ಟು ಹೋಗೋಕೆ ಮನಸ್ಸು ಬರಲ್ಲ, ಅದಕ್ಕೇ ದಿನಾ ಬಂದು ತನ್ನ ಕುರ್ಚಿ ಮೇಲೆ ಕೂರ್ತಾನೆ. ನಗು ಬರುತ್ತೆ, ಆದ್ರೆ ನೀವಿಬ್ರೂ ನಕ್ಕ ಜಾಗದಲ್ಲೆಲ್ಲ ಅಲ್ಲ.

ಕೊನೇದು ನಾನು ಮೂರು ಸಲ ಹಿಂದಕ್ಕೆ ಹಾಕಿ ನೋಡ್ದೆ. ಅವಳು ಬಸ್ ಸ್ಟಾಪಲ್ಲಿ ಕೂತಿರ್ತಾಳೆ, ಅವನು ಬಂದು ಕೂರ್ತಾನೆ. ಅವಳು ಹೇಳೋದು ಇದು: "ಯಾರೂ ನನ್ನ ಕೇಳಲಿಲ್ಲ. ಈಗಲಾದ್ರೂ ಕೇಳು. ಕೇಳಿದ ಮೇಲೆ ಈ ಬಸ್ ಹತ್ತಬೇಕಾ ಬೇಡ್ವಾ ಅಂತ ನಾನು ಹೇಳ್ತೀನಿ."

ಆಮೇಲೆ ಬಸ್ ಬರುತ್ತೆ. ಮೇಕೆ ರೋಡಿಗೆ ಅಡ್ಡ ನಿಂತುಬಿಡುತ್ತೆ. ಡ್ರೈವರ್ ಹಾರ್ನ್ ಹೊಡೀತಾನೇ ಇರ್ತಾನೆ, ಅಷ್ಟಕ್ಕೇ ಮುಗಿಯುತ್ತೆ. ಅವನು ಕೇಳ್ತಾನಾ ಇಲ್ವಾ, ತೋರಿಸೋದೇ ಇಲ್ಲ.

ನನಗೆ ಅದು ನೋಡಿ ನಿನ್ನ ಮೇಷ್ಟ್ರು, ಕಾಫಿ ಲೋಟ ಎಲ್ಲ ನೆನಪಾಯ್ತು. ಕವನಾ ಕೂಡ ಏನೂ ತಮಾಷೆ ಮಾಡಲಿಲ್ಲ. ಮಾರ್ಚಲ್ಲಿ ಅಪ್ಪಂಗೆ ನಾನು "ಅಮ್ಮನ್ನ ಕೇಳಿದ್ರಾ?" ಅನ್ನಬೇಕಿತ್ತು. ಅನ್ನಲಿಲ್ಲ.

ಅಪ್ಪ ಯಾಕಮ್ಮಾ ಸುಳ್ಳು ಹೇಳಿದ್ರು?

ನಿನ್ನ,
ಪ್ರಣತಿ


ಮೋರ್ಲಿ, ಪರ್ತ್
26 ಜುಲೈ 2014, ಶನಿವಾರ

ಚಿ. ಪ್ರಣತಿಗೆ ಆಶೀರ್ವಾದಗಳು.

ಇವತ್ತು ಭೀಮನ ಅಮಾವಾಸ್ಯೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ ನಿಮ್ಮಪ್ಪನ ಪಾದಪೂಜೆ ತಪ್ಪಿಸಿದವಳಲ್ಲ. ಈ ವರ್ಷ ಪಾದ ಅಡಿಲೇಡಿನಲ್ಲಿ, ಹಸಿರು ಬೂಟಿನೊಳಗೆ. ಬದುಕಿರುವವರ ಫೋಟೋ ಮಣೆಯ ಮೇಲಿಟ್ಟು ಹೂವು ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಅವರದು ಏನಾದರೊಂದು ಇಟ್ಟು ಪೂಜೆ ಮಾಡೋಣ ಅಂತ ಡ್ರಾಯರ್ ತೆಗೆದು ಹುಡುಕಿದೆ. ಕನ್ನಡಕದ ಡಬ್ಬಿ ಸಿಕ್ಕಿತು.

ಎರಡು ವರ್ಷದ ಹಿಂದೆ ಕಣ್ಣು ಪರೀಕ್ಷೆ ಮಾಡಿಸಿದಾಗ ದೂರಕ್ಕೂ ಹತ್ತಿರಕ್ಕೂ ಒಂದೇ ಅಂತ ಮಾಡಿಸಿದ ಕನ್ನಡಕ ಅದು. ತಲೆ ಸುತ್ತುತ್ತದೆ ಅಂತ ಒಂದು ಸಲ ಅಂದಿದ್ದರು, ಆಮೇಲೆ ನಾನೂ ಮರೆತೆ. ತೆಗೆದು ನೋಡಿದರೆ ಗಾಜಿನ ಮೂಲೆಯಲ್ಲಿ ಅಂಗಡಿಯವರು ಅಂಟಿಸಿದ ಚೀಟಿ ಹಾಗೇ ಇದೆ. ಒಂದು ದಿನವೂ ಹಾಕಿಕೊಂಡಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಟಿವಿಯಲ್ಲಿ ಆಗುತ್ತದೆಯೇ?

ನಿಮ್ಮಪ್ಪ ಸುಳ್ಳು ಹೇಳಲಿಲ್ಲ ಪ್ರಣತಿ. ಅವರಿಗೆ ಆ ಸಾಲು ಕಾಣುತ್ತಲೇ ಇರಲಿಲ್ಲ. ಎರಡು ವರ್ಷದ ಭಾನುವಾರಗಳಲ್ಲಿ ನಾನು ನೋಡಿದ ಸಿನಿಮಾಗಳಿಗೆಲ್ಲ ಮಾತು ಅವರದೇ. ಮೊದಲು ನಕ್ಕೆ. ಒಬ್ಬಳೇ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಆಮೇಲೆ ನಗು ನಿಂತಿತು. ಕನ್ನಡಕವಿಲ್ಲ, ಕೇಳಿದರೆ ಕಾಣುವುದಿಲ್ಲ ಅನ್ನಲು ಸಂಕೋಚ. ಅವರೂ ನನ್ನ ಹಾಗೆ ಮುಖ ನೋಡಿಯೇ ಹೇಳಿದ್ದು. ಬಸ್ ಸ್ಟಾಪಿನ ಆ ಹೆಂಗಸಿನ ಮುಖವನ್ನು ನಾವಿಬ್ಬರೂ ಒಂದೇ ಸೋಫಾದಲ್ಲಿ ಕೂತು ನೋಡಿದೆವು. ನನಗೆ ಕಂಡದ್ದು ಅವರಿಗೆ ಕಾಣಲಿಲ್ಲ.

ಡಬ್ಬಿಯನ್ನೇ ಮಣೆಯ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದೆ. ದೇವರಿಗೂ ನಗು ಬಂದಿರಬೇಕು.

ಇನ್ನೊಂದು ಸುದ್ದಿ. ಮೊನ್ನೆ ಗುರುವಾರ ಬೆಳಗ್ಗೆ ಆರು ಗಂಟೆಗೆ, ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಫೋನು. ಮೇಕೆಯೊಂದು ಈಯಲಾರದೆ ಒದ್ದಾಡುತ್ತಿದೆ, ಹಿಂಗಾಲು ಮೊದಲು ಬಂದಿದೆ ಅಂದರು. ಡಾಕ್ಟರು ಬರಲು ಎರಡು ಗಂಟೆಯಾಗುತ್ತದಂತೆ. ಬೇಲಿಯಾಚೆಯ ಮುದುಕಿ ತನ್ನ ಮನೆಯ ತಂತಿಯಿಲ್ಲದ ಫೋನ್ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ನಾನು ಇಲ್ಲಿ ಒದ್ದೆ ಕೂದಲಲ್ಲಿ ಅಡುಗೆಮನೆಯಲ್ಲಿ ನಿಂತು ಒಂದೊಂದಾಗಿ ಹೇಳಿದೆ. ಕೈಗೆ ಎಣ್ಣೆ ಹಚ್ಚಿ, ಅದು ತಿಣುಕಿದಾಗ ಮಾತ್ರ ಎಳೆಯಿರಿ, ಕೆಳಮುಖವಾಗಿ ಎಳೆಯಿರಿ, ನಿಲ್ಲಿಸಬೇಡಿ ಅಂತ. ನಡುವೆ ನಿಮ್ಮಪ್ಪ, "ಇದೆಲ್ಲ ನಿನಗೆ ಹೇಗೆ ಗೊತ್ತು?" ಅಂತ ಕೇಳಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ.

"ಮೊದಲು ಕೈ ನೋಡ್ಕೊಳ್ಳಿ" ಅಂದೆ.

ಒಂದು ಮರಿ ಉಳಿಯಿತು. ಇನ್ನೊಂದು ಹೊಟ್ಟೆಯಲ್ಲೇ ಸತ್ತಿತ್ತು. "ಉಸಿರಾಡ್ತಿದೆ ಇಂದಿರಾ" ಅಂತ ಎರಡು ಸಲ ಹೇಳಿ ಅತ್ತರು. ಫೋನ್ ಇಟ್ಟ ಮೇಲೆ ನನ್ನ ಕೈ ನೋಡಿಕೊಂಡೆ. ಎಣ್ಣೆ ಹಚ್ಚಿಕೊಂಡಿರಲಿಲ್ಲ, ಆದರೂ ಸೋಪು ಹಾಕಿ ತೊಳೆದುಕೊಂಡೆ. ಆ ದಿನ ಕ್ಲಾಸಿಗೂ ಹೋದೆ. ಕಿಟಕಿಯ ಪಕ್ಕ ಕೂತರೂ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಉಳಿದ ಹದಿಮೂರು ಮೇಕೆಗಳದ್ದೇ ಯೋಚನೆ.

ಏನು ಮಾಡಲಿ ಅಂತ ನಿನ್ನನ್ನು ಕೇಳುತ್ತಿಲ್ಲ. ನೀನು ಓದಿಕೋ.

ಇಂತಿ,
ಅಮ್ಮ


ಅಡಿಲೇಡ್ ಗುಡ್ಡಗಳಿಂದ
1 ಆಗಸ್ಟ್ 2014

ಇಂದಿರಾ,

ಇನ್ನೂ ನಾಲ್ಕು ಈದವು. ಮರಿಗಳೆಲ್ಲ ಚೆನ್ನಾಗಿವೆ. ನೀನು ಹೇಳಿದ ಹಾಗೆ ಗೋಣಿಚೀಲ ಹೊದಿಸುತ್ತೇನೆ. ಮೊದಲನೆಯದು ನನ್ನ ಹಿಂದೆಯೇ ಓಡಾಡುತ್ತದೆ, ಬೂಟು ನೆಕ್ಕುತ್ತದೆ.

ನಿನ್ನ ಹತ್ತಿರ ಮುಚ್ಚಿಡುವುದೇನು, ಇಲ್ಲಿ ನನ್ನೊಬ್ಬನಿಂದ ಆಗುವುದಿಲ್ಲ. ಕಣಿವೆಯಲ್ಲಿ ಸಾಯಂಕಾಲ ನಾಲ್ಕೂವರೆಗೇ ಕತ್ತಲು ಬಂದ ಹಾಗಾಗಿ, ಒಲೆ ಹಚ್ಚಿಕೊಂಡು ಕೂತರೆ ಮಾತಾಡಲು ಯಾರೂ ಇಲ್ಲ. ಆದರೂ ಹಿಂದಕ್ಕೆ ಬರಲು ಮನಸ್ಸಿಲ್ಲ. ಆ ಹನ್ನೊಂದನೆಯ ಮಹಡಿಗೆ ನಾನು ಹೋಗಲಾರೆ.

ಯಜಮಾನ ಆಗಸ್ಟ್ ಮೂವತ್ತೊಂದರವರೆಗೆ ಕಾಯುತ್ತಾನಂತೆ. ಆಮೇಲೆ ಈ ಜಾಗ ಬೇರೆಯವರಿಗೆ ಮಾರುತ್ತಾನಂತೆ. ನೀನು ಬಂದರೆ ಎಲ್ಲ ಸರಿಹೋಗುತ್ತದೆ. ಕಾಗದಕ್ಕೆ ರುಜು ಹಾಕಿ ಈ ವಾರವೇ ಕಳಿಸು.

ಸತೀಶ


ಮೋರ್ಲಿ, ಪರ್ತ್
9 ಆಗಸ್ಟ್ 2014, ಶನಿವಾರ

ಪ್ರಣತಿಯ ಅಪ್ಪನವರಿಗೆ ಇಂದಿರಾ ಮಾಡುವ ನಮಸ್ಕಾರಗಳು.

ಇವತ್ತೂ ಒಪ್ಪತ್ತು. ನಿನ್ನೆ ವರಮಹಾಲಕ್ಷ್ಮಿ ಹಬ್ಬ ಒಬ್ಬಳೇ ಮಾಡಿದೆ. ಕ್ಲಾಸಿನ ಮೂವರು ಹೆಂಗಸರನ್ನು ಕರೆದು ಒಬ್ಬಟ್ಟು ಕೊಟ್ಟೆ. ಈ ಕಾಗದವನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಆ ಜೆಕ್ ಸಿನಿಮಾವನ್ನು ಪ್ರಣತಿ ಹುಡುಕಿ ನೋಡಿದಳು. ಸಾಲುಗಳನ್ನೆಲ್ಲ ಓದಿ ನೋಡಿದಳು. ಬಸ್ ಸ್ಟಾಪಿನಲ್ಲಿ ಆ ಹೆಂಗಸು ನೀವು ಹೇಳಿದ ಮಾತು ಹೇಳಲೇ ಇಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ಈಗಲಾದರೂ ಕೇಳು, ಕೇಳಿದ ಮೇಲೆ ಬಸ್ ಹತ್ತಬೇಕೋ ಬೇಡವೋ ಹೇಳುತ್ತೇನೆ ಅಂದದ್ದು. ಅವನಿಗೂ ಎದೆನೋವಿರಲಿಲ್ಲ. ಕೆಲಸ ಹೋಗಿತ್ತು, ಹೆಂಡತಿಗೆ ಹೇಳಿರಲಿಲ್ಲ.

ನಿಮ್ಮ ಕನ್ನಡಕ ಡ್ರಾಯರಿನಲ್ಲಿ ಸಿಕ್ಕಿತು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು, ಈಗ ನಾನೇ ಉಗುರಿನಿಂದ ಕಿತ್ತು ಒರೆಸಿಟ್ಟಿದ್ದೇನೆ. ಎರಡು ವರ್ಷ ನನಗೆ ಇಷ್ಟೊಂದು ಕತೆ ಕಟ್ಟಿ ಹೇಳಿದಿರಿ, ಕೇಳಲು ಚೆನ್ನಾಗಿಯೇ ಇದ್ದವು. ಕಾಣುವುದಿಲ್ಲ ಅಂದಿದ್ದರೆ ನಾನೇನು ನಗುತ್ತಿದ್ದೆನೇ? ನಕ್ಕರೂ ಏನು ಹೋಗುತ್ತಿತ್ತು?

ದಿನೇಶನಿಗೆ ಕೊಟ್ಟ ಹಾಗೆ ನಿಮಗೂ ಡಬ್ಬಿ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಹೇಳಿಬಿಡಿ. ಅದಕ್ಕೆ ನಾನು ಹೆದರುವವಳಲ್ಲ. ಹೇಳದೆ ಇದ್ದರೆ ಹೆದರುತ್ತೇನೆ.

ಹದಿಮೂರನೆಯ ವಯಸ್ಸಿಗೆ ನಾನು ಮೊದಲ ಮೇಕೆ ಈಯಿಸಿದ್ದು. ಅವತ್ತು ಹೇಗೆ ಗೊತ್ತು ಅಂತ ಕೇಳಿದಿರಲ್ಲ, ಉತ್ತರ ಉದ್ದವಿದೆ. ಕೂತು ಹೇಳಬೇಕು. ಆ ಉತ್ತರದಲ್ಲಿ ಒಬ್ಬರು ಮೇಷ್ಟರೂ ಬರುತ್ತಾರೆ.

ನಿಮ್ಮ ಎರಡು ಕಾಗದಗಳನ್ನೂ ಎಷ್ಟು ಸಲ ಓದಿದೆನೋ. ಬಾ ಅಂದಿದ್ದೀರಿ, ಕಳಿಸು ಅಂದಿದ್ದೀರಿ. ನನ್ನನ್ನು ಏನೂ ಕೇಳಿಲ್ಲ. ಏಜೆಂಟನ ಕಾಗದ ಫ್ರಿಜ್ಜಿನ ಮೇಲೆ ಇಲ್ಲ, ದೇವರ ಮುಂದೆ ಇಟ್ಟಿದ್ದೇನೆ. ಹರಿದಿಲ್ಲ, ರುಜುವೂ ಹಾಕಿಲ್ಲ.

ಗುರುವಾರ ಕ್ಲಾಸಿನಲ್ಲಿ ಟೀಚರಿಗೆ ಹೇಳಿ ಕಂಪ್ಯೂಟರಿನಲ್ಲಿ ನಿಮ್ಮ ಗುಡ್ಡದ ಊರಿನ ಬಸ್ಸುಗಳನ್ನು ಹುಡುಕಿಸಿದೆ. ದೊಡ್ಡ ರಸ್ತೆಗೆ ಬಸ್ ಬರುತ್ತದೆ, ಅಡಿಲೇಡಿಗೆ ಹೋಗುತ್ತದೆ. ವೇಳೆಯನ್ನು ನಾನೇ ಓದಿ ಬರೆದುಕೊಂಡೆ. ನಿಮ್ಮ ಗೇಟಿನಿಂದ ಆ ಸ್ಟಾಪಿಗೆ ಎಷ್ಟು ದೂರ ಅಂತ ಕಂಪ್ಯೂಟರಿಗೆ ಗೊತ್ತಿಲ್ಲ. ಒಂದು ದಿನ ಬೆಳಗ್ಗೆ ನಡೆದು ನೋಡಿ, ನನ್ನ ನಡಿಗೆಯಲ್ಲಿ, ನಿಮ್ಮ ಬೂಟಿನ ನಡಿಗೆಯಲ್ಲಿ ಬೇಡ.

ನನ್ನ ಉತ್ತರ ಬರೆದಾಗಿದೆ. ಅದು ಸಣ್ಣ ಅಕ್ಷರದಲ್ಲಿದೆ. ಮಡಿಸಿ ನಿಮ್ಮ ಕನ್ನಡಕದ ಡಬ್ಬಿಯೊಳಗೆ, ಕನ್ನಡಕದ ಕೆಳಗೆ ಇಟ್ಟಿದ್ದೇನೆ. ಪ್ರಣತಿಗೂ ಹೇಳಿಲ್ಲ. ಅಂಚೆಗೆ ಹಾಕುವುದಿಲ್ಲ, ಫೋನಿನಲ್ಲಿ ಓದುವುದಿಲ್ಲ. ಮರಿಗಳನ್ನು ಎರಡು ದಿನ ಆ ಮುದುಕಿಗೆ ಒಪ್ಪಿಸಿ, ನೀವೇ ಬಂದು ತೆಗೆದುಕೊಂಡು ಹೋಗಿ. ಬಾಗಿಲಲ್ಲಿ ಬೂಟು ಬಿಡಿ, ಕಾಫಿ ಕುಡಿಯಿರಿ, ಕೇಳಬೇಕಾದದ್ದನ್ನು ಕೇಳಿ. ಆಮೇಲೆ ಡಬ್ಬಿ ಕೊಡುತ್ತೇನೆ.

ಇಂತಿ,
ಇಂದಿರಾ